ಗುಡಿ ಬಿಟ್ಟರೆ ಚಪ್ಪಾಳೆ, ಮಸೀದಿ-ಚರ್ಚು ಬಿಟ್ಟರೆ ಯಾರು ಜೊತೆ?



ನಮ್ಮ ಸಭೆಗಳಲ್ಲಿ ಒಬ್ಬ ಹುಡುಗ ಎದ್ದು ನಿಂತು "ನಾನು ದೇವರನ್ನ ನಂಬೋದಿಲ್ಲ, ಮನುಸ್ಮೃತಿ ಸುಡಬೇಕು" ಅಂದರೆ ಚಪ್ಪಾಳೆ ಬೀಳುತ್ತದೆ. ಬೀಳಲೇಬೇಕು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳುತನದಲ್ಲಿ ಆ ಪುಸ್ತಕ ಸುಟ್ಟ ಮೇಲೆ ಪ್ರಶ್ನೆ ಕೇಳೋದು ನಮಗೆ ಹಿರಿಯರಿಂದ ಬಂದ ಆಸ್ತಿ. ಬೇರೆ ಆಸ್ತಿಯಂತೂ ನಮಗಿಲ್ಲ.

ಅದೇ ಸಭೆಯಲ್ಲಿ, ಅದೇ ಹಾಸ್ಟೆಲ್ಲಿನ ಮುಸ್ಲಿಂ ಹುಡುಗನೊಬ್ಬ "ನನಗೂ ನಮಾಜಿನ ಮೇಲೆ ನಂಬಿಕೆ ಉಳಿದಿಲ್ಲ" ಅಂದರೆ? ಕ್ರಿಶ್ಚಿಯನ್ ಹುಡುಗಿ "ಪಾದ್ರಿ ಹೇಳೋದು ನನ್ನ ಬುದ್ಧಿಗೆ ಒಪ್ಪೋದಿಲ್ಲ" ಅಂದರೆ? ಚಪ್ಪಾಳೆ ನಿಲ್ಲುತ್ತದೆ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. "ಅದು ಅವರ ಮನಿ ವಿಷಯ, ನಮಗ್ಯಾಕ ಬೇಕು" ಅಂತ ಜಾರಿಕೊಳ್ಳುತ್ತೇವೆ.

ಈ "ನಮಗ್ಯಾಕ" ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಧರ್ಮವನ್ನು ಪ್ರಶ್ನೆ ಮಾಡುವ, ಬೇಡವಾದರೆ ಬಿಟ್ಟು ಹೊರಡುವ ಹಕ್ಕು ಒಂದೇ. ಅದನ್ನು ನಮಗೆ ಮಾತ್ರ ಇಟ್ಟುಕೊಂಡು ಪಕ್ಕದ ಕಾಟಿನವನಿಗೆ ಇಲ್ಲ ಅಂದರೆ, ನಾಳೆ ನಮಗೂ ಅದು ಉಳಿಯೋದಿಲ್ಲ.

ಮೊದಲು ನಮ್ಮ ಸೀಮೆಯನ್ನೇ ನೋಡೋಣ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೇ ಕ್ಯಾಥೊಲಿಕರಿದ್ದಾರೆ. ಅದೇ ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿಯವರೂ ಬರುತ್ತಾರೆ, ಹರಕೆ ಹೊತ್ತು ಫಕೀರರಾಗುತ್ತಾರೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಸಿಂಧನೂರು, ಮಸ್ಕಿ ಸುತ್ತಿನ ಎಷ್ಟೋ ಕೇರಿಗಳಲ್ಲಿ ಸರ್ಟಿಫಿಕೇಟಿನಲ್ಲಿ ಹಿಂದೂ, ಭಾನುವಾರ ಪ್ರಾರ್ಥನೆ, ವರ್ಷಕ್ಕೊಮ್ಮೆ ದುರಗವ್ವನ ಜಾತ್ರೆ, ಗೋಡೆಯ ಮೇಲೆ ಬಾಬಾಸಾಹೇಬರ ಪಟ. ಒಂದೇ ಮನೆಯಲ್ಲಿ ಇಷ್ಟೂ ಇರುತ್ತದೆ. ಧರ್ಮ ನಮ್ಮ ಜನಕ್ಕೆ ಯಾವತ್ತೂ ಬರೀ ಪುಸ್ತಕವಾಗಿರಲಿಲ್ಲ.

ನಮ್ಮವರು ಚರ್ಚಿಗೆ, ಮಸೀದಿಗೆ ಯಾಕೆ ಹೋದರು ಅನ್ನೋದು ಎಲ್ಲರಿಗೂ ಗೊತ್ತು. ಬೀದರ್ ಕಡೆ ಮೆಥೊಡಿಸ್ಟ್ ಮಿಷನ್ ಬಂದಾಗ ಕಿವಿಗೊಟ್ಟವರಲ್ಲಿ ಬಹಳ ಮಂದಿ ಮಾದಿಗರು. ಊರಿನ ಸಾಲಿ ಹೊರಗೆ ಕೂಡಿಸಿದಾಗ ಮಿಷನ್ ಸಾಲಿ ಒಳಗೆ ಕೂಡಿಸಿತು. ಹೋದವರನ್ನು ಆಸೆಬುರುಕರು ಅಂತ ಬಯ್ಯುವ ಯೋಗ್ಯತೆ ಅವರನ್ನು ಬಾವಿಯಿಂದ ಓಡಿಸಿದವರಿಗಿಲ್ಲ. ನಿಜಾಮನ ಸಂಸ್ಥಾನದಲ್ಲಿ ತಬ್ಲೀಗಿನವರು ಅಸ್ಪೃಶ್ಯರನ್ನು ಮುಸಲ್ಮಾನರನ್ನಾಗಿ ಮಾಡಿದರು, ಆರ್ಯಸಮಾಜದವರು ಶುದ್ಧಿ ಮಾಡಿದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಆ ಕಡೆ ಹೋದವರಲ್ಲಿ ಅನೇಕರು ಈ ಕಡೆ ಬಂದರು. ಇಬ್ಬರ ಲೆಕ್ಕದ ಪುಸ್ತಕದಲ್ಲೂ ನಾವು ತಲೆಗಳು. ತಲೆಯೊಳಗೆ ಏನಿದೆ ಅಂತ ಕೇಳಿದವರು ಕಡಿಮೆ.

ಹೋದ ಮೇಲೆ ಸಮಾನತೆ ಸಿಕ್ಕಿತೇ? ಸ್ವಲ್ಪ ಸಿಕ್ಕಿತು. ಪೂರ್ತಿ ಸಿಗಲಿಲ್ಲ. ತಮಿಳುನಾಡಿನ ತಿರುಚಿರಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನವೊಂದರಲ್ಲಿ ದಲಿತರ ಹೆಣ ಬೇರೆ ಮಾಡಲು ಗೋಡೆಯನ್ನೇ ಕಟ್ಟಿದ್ದರು. 2008ರಲ್ಲಿ ಎರೈಯೂರಿನಲ್ಲಿ ದಲಿತ ಕ್ರೈಸ್ತರಿಗೂ ಮೇಲ್ಜಾತಿ ಕ್ರೈಸ್ತರಿಗೂ ಗಲಾಟೆಯಾಗಿ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಕ್ಯಾಥೊಲಿಕ್ ಬಿಷಪ್ಪರ ಸಭೆಯೇ 2016ರಲ್ಲಿ ಒಪ್ಪಿಕೊಂಡಿತು. ಒಬ್ಬ ದಲಿತ ಕಾರ್ಡಿನಲ್ ಆಗಲು 2022ರ ತನಕ ಕಾಯಬೇಕಾಯಿತು. ನಮ್ಮ ನೆರೆಯ ಕರ್ನೂಲು ಜಿಲ್ಲೆಯ ಅಂಥೋನಿ ಪೂಲ ಅವರು ಆ ಮೊದಲಿಗರು. ಇನ್ನು ಮುಸ್ಲಿಮರಲ್ಲಿ ಸೈಯದರ ಮನೆಯವರು ಪಿಂಜಾರರ ಮನೆಗೆ ಹೆಣ್ಣು ಕೊಡುತ್ತಾರೆಯೇ, ನೀವೇ ಕೇಳಿ ನೋಡಿ. ಮುಸ್ಲಿಂ ಸಮಾಜದೊಳಗಿನ ಜಾತಿಯ ಬಗ್ಗೆ, ಹೆಂಗಸರ ಪರದೆಯ ಬಗ್ಗೆ ಬಾಬಾಸಾಹೇಬರು 1940ರ ದಶಕದಲ್ಲೇ ತಮ್ಮ ಪಾಕಿಸ್ತಾನದ ಪುಸ್ತಕದಲ್ಲಿ ನೇರವಾಗಿ ಬರೆದರು. ಯಾರ ಮುಲಾಜೂ ಇಟ್ಟುಕೊಳ್ಳಲಿಲ್ಲ.

ಹೀಗೆ ಮಾತು ತಪ್ಪಿದ ಧರ್ಮವನ್ನು ಬಿಟ್ಟು ಬರುವವರು ಒಂದು ಬಗೆ. ಇನ್ನೊಂದು ಬಗೆಯವರಿಗೆ ಯಾರೂ ಅವಮಾನ ಮಾಡಿರುವುದಿಲ್ಲ. ಓದಿದರು, ಯೋಚನೆ ಮಾಡಿದರು, ನಂಬಿಕೆ ಬಿಟ್ಟುಹೋಯಿತು, ಅಷ್ಟೇ. "ಏನು ಕಷ್ಟ ಆಯ್ತಪ್ಪಾ ನಿನಗೆ" ಅಂತ ಅವರನ್ನು ಕೇಳುತ್ತಾರೆ. ಕಷ್ಟವೇ ಆಗಬೇಕೇನು? ಬುದ್ಧಿ ಒಪ್ಪದಿದ್ದರೆ ಸಾಲದೇ?

ಬಿಟ್ಟವರಿಗೆ ಏನಾಗುತ್ತದೆ ನೋಡಿ. ಕೊಯಮತ್ತೂರಿನ ಎಚ್. ಫಾರೂಕ್ ಪೆರಿಯಾರ್ ವಿಚಾರದ ದ್ರಾವಿಡರ್ ವಿಡುದಲೈ ಕಳಗಂ ಸೇರಿದ್ದ ನಾಸ್ತಿಕ. 31 ವರ್ಷ. 2017ರ ಮಾರ್ಚ್ 16ರ ರಾತ್ರಿ ಅವನನ್ನು ಕಡಿದು ಕೊಂದರು. ದೇವರಿಲ್ಲ ಅಂತ ಮೊಬೈಲಿನ ವಾಟ್ಸಾಪಿನಲ್ಲಿ ಬರೆದದ್ದೇ ಅಪರಾಧವಾಯಿತು. ಸಿಕ್ಕಿಬಿದ್ದ ಆರೋಪಿಗಳು ಅವನ ಧರ್ಮದವರೇ. ಮಗನನ್ನು ಕಳೆದುಕೊಂಡ ತಂದೆ ಬಾಯಿ ಮುಚ್ಚಿಕೊಳ್ಳಲಿಲ್ಲ. ಮಗ ಇದ್ದ ಸಂಘಟನೆಗೆ ತಾನೂ ಸೇರುತ್ತೇನೆ ಅಂದರು. ಈ ತಂದೆಯ ಮಾತನ್ನು ನಮ್ಮ ಪ್ರತಿ ಹಾಸ್ಟೆಲ್ಲಿನಲ್ಲೂ ಹೇಳಬೇಕು.

ಬಿಡದೆ, ಒಳಗಿದ್ದುಕೊಂಡೇ ಪ್ರಶ್ನೆ ಕೇಳಿದವರ ಗತಿಯೂ ಅಷ್ಟೇ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಲಾಖಿನ ಕ್ರೌರ್ಯ ಬರೆದದ್ದಕ್ಕೆ ಎಷ್ಟು ವಿರೋಧ ಎದುರಿಸಿದರು! ಹಾಸನದ ಬಾನು ಮುಷ್ತಾಕ್ ಅವರು ಹೆಂಗಸರಿಗೂ ಮಸೀದಿಯಲ್ಲಿ ನಮಾಜಿಗೆ ಅವಕಾಶ ಬೇಕು ಅಂದದ್ದಕ್ಕೆ 2000ದಲ್ಲಿ ಬಹಿಷ್ಕಾರ ಹಾಕಿದರು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಹಾರ ಹಾಕಲು ಎಷ್ಟು ಕೈ! ಬಹಿಷ್ಕಾರದ ದಿನ ಎಷ್ಟು ಕೈ ಇದ್ದವು? ಪ್ರಶ್ನೆ ಕೇಳಿದವರು ಗೆದ್ದ ಮೇಲೆ ಬರೋದು ಸುಲಭ, ಗೆಳೆಯರೇ.

ಚರ್ಚಿನವರೂ ಹಿಂದೆ ಬಿದ್ದಿಲ್ಲ. 2012ರಲ್ಲಿ ಮುಂಬಯಿಯ ವಿಲೆ ಪಾರ್ಲೆಯಲ್ಲಿ ಶಿಲುಬೆಯ ಏಸುವಿನ ಪಾದದಿಂದ ನೀರು ತೊಟ್ಟಿಕ್ಕುತ್ತಿತ್ತು. ಜನ ತೀರ್ಥ ಅಂತ ಹಿಡಿದು ಕುಡಿದರು. ಸನಲ್ ಎಡಮರುಕು ಹೋಗಿ ನೋಡಿ, ಕಟ್ಟಿಕೊಂಡ ಚರಂಡಿಯ ನೀರು ಗೋಡೆಯಲ್ಲಿ ಮೇಲೇರಿ ಬರುತ್ತಿದೆ ಅಂತ ತೋರಿಸಿದರು. ಅವರ ಮೇಲೆ 295ಎ ಕಲಮಿನ ದೂರು ಬಿತ್ತು, ದೇಶ ಬಿಟ್ಟು ಫಿನ್ಲೆಂಡಿಗೆ ಹೋಗಬೇಕಾಯಿತು. ಚರಂಡಿ ನೀರು ಕುಡಿಸಿದವರು ಇಲ್ಲೇ ಉಳಿದರು!

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಹಿಂದೆ ಪಂಜಾಬಿನ ಮುಸ್ಲಿಂ ಹೆಂಗಸರಿಗೆ ಹೊಡೆಯುವ ಗಂಡನಿಂದ ಬಿಡುಗಡೆ ಸಿಗದಿದ್ದಾಗ, ಧರ್ಮ ಬಿಟ್ಟೆ ಅಂತ ಹೇಳೋದೊಂದೇ ದಾರಿಯಾಗಿತ್ತು. ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತಿತ್ತು. 1939ರ ಕಾಯಿದೆ ಆ ದಾರಿ ಮುಚ್ಚಿತು, ಅದೇ ಕಾಯಿದೆ ಕೋರ್ಟಿನಲ್ಲಿ ವಿಚ್ಛೇದನ ಕೇಳುವ ಹಕ್ಕನ್ನೂ ಕೊಟ್ಟಿತು. ಅಂದರೆ ಹೆಂಗಸರು ಬಾಗಿಲು ದಾಟಿದ ಮೇಲೆಯೇ ಒಳಗಿನವರಿಗೆ ಕಿಟಕಿ ತೆಗೆಯುವ ಬುದ್ಧಿ ಬಂತು. ಈಗ ಕೇರಳದ ಸಫಿಯಾ ಅನ್ನುವವರು, ಧರ್ಮ ಬಿಟ್ಟವಳ ಆಸ್ತಿಗೆ ಶರಿಯತ್ತು ಯಾಕೆ, ದೇಶದ ಸಾಮಾನ್ಯ ವಾರಸು ಕಾನೂನು ಅನ್ವಯಿಸಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. 2024ರಲ್ಲಿ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಂಡಿತು. ನಂಬಿಕೆ ಬಿಟ್ಟರೂ ಕಾಗದ ಬಿಡೋದಿಲ್ಲ.

ಇಲ್ಲಿಯವರೆಗೆ ಓದಿ ಒಂದು ಜಾತಿಯ ಜನಕ್ಕೆ ಖುಷಿಯಾಗಿರುತ್ತದೆ. "ನೋಡಿದ್ರಾ, ಮುಸ್ಲಿಮರು ಹೀಗೆ, ಕ್ರಿಶ್ಚಿಯನ್ನರು ಹೀಗೆ" ಅಂತ ಫಾರೂಕನ ಹೆಣ ತೋರಿಸಿ ಭಾಷಣ ಮಾಡುವವರು ಅವರು. ಅವರಿಗೆ ಒಂದು ಮಾತು. ಫಾರೂಕ್ ನಿಮ್ಮ ದೇವರನ್ನೂ ನಂಬಿರಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದಾಗ ನಿಮ್ಮ ವೈಚಾರಿಕತೆ ಎಲ್ಲಿ ಮಲಗಿತ್ತು? ನಿಮಗೆ ಬೇಕಾದದ್ದು ಧರ್ಮ ಬಿಟ್ಟ ಮನುಷ್ಯ ಅಲ್ಲ, ನಿಮ್ಮ ಕಡೆ ಬಂದ ತಲೆ. ಅದಕ್ಕೇ "ಘರ್ ವಾಪಸಿ" ಅನ್ನುತ್ತೀರಿ. ಯಾವ ಮನೆ ಸ್ವಾಮಿ? ನಮ್ಮನ್ನು ಪಡಸಾಲೆಗೆ ಕರೆಯುತ್ತೀರಾ, ಅಡುಗೆಮನೆಗೆ ಕರೆಯುತ್ತೀರಾ? ವಾಪಸು ಬಂದವನಿಗೆ ಸಿಗೋದು ಅದೇ ಕೇರಿ, ಚಹಾದಂಗಡಿಯ ಅದೇ ಬೇರೆ ಲೋಟ.

ಸರ್ಕಾರವೂ ಈ ಆಟದಲ್ಲಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳು ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಮದರಾಸಿನಲ್ಲಿ ಬೀದಿಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅನ್ನುವವರಿಗೆ ಸರ್ಕಾರದ ಪೆಟ್ಟಿಗೆ ಅಂಗಡಿ ಸಿಗಲಿಲ್ಲ, ಯಾಕಂದರೆ ಕ್ರೈಸ್ತ. 1985ರಲ್ಲಿ ಸುಪ್ರೀಂ ಕೋರ್ಟೂ ಕೈಬಿಟ್ಟಿತು. ಹೊಲಿಗೆ ಅದೇ, ಚರ್ಮ ಅದೇ, ಜಾತಿ ಮಾತ್ರ ಕಾಗದದಲ್ಲಿ ಮಾಯ! ಅಂಥವನ ಮಗ ನಂಬಿಕೆ ಬಿಟ್ಟ ಅಂತಿಟ್ಟುಕೊಳ್ಳಿ. 2015ರ ಕೆ.ಪಿ. ಮನು ಪ್ರಕರಣದ ತೀರ್ಪಿನಂತೆ ಅವನು ಮೂರು ಸಾಬೀತು ಮಾಡಬೇಕು: ಹಿರಿಯರು ಆ ಜಾತಿಯವರಾಗಿದ್ದರು, ತಾನು ಮೂಲ ಧರ್ಮಕ್ಕೆ ಮರಳಿದ್ದೇನೆ, ಆ ಜಾತಿಯವರು ತನ್ನನ್ನು ಒಪ್ಪಿಕೊಂಡಿದ್ದಾರೆ. ಏಸುವನ್ನು ಬಿಟ್ಟೆ, ಬೇರೆ ಯಾರನ್ನೂ ಹಿಡಿಯಲಿಲ್ಲ ಅನ್ನುವವನಿಗೆ ಇದರಲ್ಲಿ ಜಾಗ ಎಲ್ಲಿದೆ?

2022ರಲ್ಲಿ ನಮ್ಮ ರಾಜ್ಯದಲ್ಲಿ ತಂದ ಮತಾಂತರ ಕಾಯಿದೆ ಇನ್ನೂ ಚೆಂದ. ಧರ್ಮ ಬದಲಿಸುವವನು ಜಿಲ್ಲಾಧಿಕಾರಿಗಳಿಗೆ 30 ದಿನ ಮೊದಲೇ ತಿಳಿಸಬೇಕು. ಹಿಂದಿನ ಧರ್ಮಕ್ಕೆ ಮರಳಿದರೆ ಅದು ಮತಾಂತರವೇ ಅಲ್ಲ. ಹೆಚ್ಚಿನ ಶಿಕ್ಷೆ ಯಾರನ್ನು ಮತಾಂತರಿಸಿದರೆ ಗೊತ್ತೇ? ಅಪ್ರಾಪ್ತರು, ಬುದ್ಧಿ ಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು. ನಮ್ಮನ್ನು ಯಾರ ಸಾಲಿನಲ್ಲಿ ಕೂಡಿಸಿದ್ದಾರೆ ನೋಡಿ! 2023ರ ಜೂನಿನಲ್ಲಿ ಹೊಸ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಆದರೆ ದಲಿತನಿಗೆ ಸ್ವಂತ ಬುದ್ಧಿ ಇಲ್ಲ ಅನ್ನುವ ಆ ತಿಳುವಳಿಕೆಯನ್ನು ಯಾವ ಸಂಪುಟ ರದ್ದು ಮಾಡುತ್ತದೆ?

ನಮ್ಮೊಳಗಿನ ಗೆಳೆಯರ ತಕರಾರೂ ಒಂದಿದೆ, ಅದನ್ನು ಹಗುರ ಮಾಡಲಾರೆ. "ಮುಸ್ಲಿಮರ ಮೇಲೆ, ಚರ್ಚುಗಳ ಮೇಲೆ ದಾಳಿ ನಡೆಯುವಾಗ ಇದನ್ನೆಲ್ಲ ಎತ್ತಬೇಕಾ?" ಅನ್ನುತ್ತಾರೆ. ದಾಳಿ ನಡೆದಾಗ ಅವರ ಜೊತೆ ನಿಲ್ಲೋದು ನಮ್ಮ ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನಮಾಜಿಗೆ ಹೋಗುವವನಿಗೆ ಹೊಡೆದರೆ ಅಡ್ಡ ನಿಲ್ಲಬೇಕು. ನಮಾಜು ಬಿಟ್ಟವನಿಗೆ ಹೊಡೆದರೂ ಅಡ್ಡ ನಿಲ್ಲಬೇಕು. ಎರಡನ್ನೂ ಮಾಡುವವನಿಗೆ ಮಾತ್ರ ಮಾತಾಡುವ ಬಾಯಿ ಇರುತ್ತದೆ. "ಈಗ ಬೇಡ, ಆಮೇಲೆ" ಅನ್ನುವ ಮಾತು ನಮಗೂ ಹೇಳಿದ್ದರು. ಮೊದಲು ಸ್ವಾತಂತ್ರ್ಯ, ಆಮೇಲೆ ಅಸ್ಪೃಶ್ಯತೆ ಅಂತ. ಆ ಆಮೇಲೆ ಇನ್ನೂ ಬಂದಿಲ್ಲ.

ಇನ್ನು ಕೆಲವರು "ಬಿಟ್ಟು ಬಂದರೆ ಬೌದ್ಧನಾಗಲಿ, ಬಾಬಾಸಾಹೇಬರ ದಾರಿ ಹಿಡಿಯಲಿ" ಅನ್ನುತ್ತಾರೆ. ಆದರೆ ಸಂತೋಷ. ಆಗಲೇಬೇಕು ಅಂದರೆ ನಾವೂ ಮುಲ್ಲಾ, ಪಾದ್ರಿ, ಪೂಜಾರಿಗಳ ಸಾಲಿಗೇ ಸೇರಿದಂತೆ. ಹಿಂದೂವಾಗಿ ಸಾಯೋದಿಲ್ಲ ಅಂತ 1935ರಲ್ಲಿ ಯೇವಲೆಯಲ್ಲಿ ಹೇಳಿದವರು ನಾಗಪುರದಲ್ಲಿ ದೀಕ್ಷೆ ತಗೊಂಡದ್ದು 1956ರ ಅಕ್ಟೋಬರ್ 14ರಂದು. 21 ವರ್ಷ ಓದಿದರು, ತೂಗಿ ನೋಡಿದರು. ಹತ್ತೊಂಬತ್ತರ ಹುಡುಗನಿಗೆ ನಾಳೆ ಬೆಳಿಗ್ಗೆಯೇ ಉತ್ತರ ಕೊಡು ಅನ್ನೋದು ಯಾವ ನ್ಯಾಯ? ನಮ್ಮ ಮಸ್ಕಿಯ ಬಂಡೆಯನ್ನೇ ನೋಡಿ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕ ತನ್ನ ಹೆಸರು ಹಾಕಿ ಬರೆಸಿದ್ದೇನು? ದೊಡ್ಡವರಿಗೆ ಮಾತ್ರ ಇದು ಸಾಧ್ಯ ಅಂದುಕೊಳ್ಳಬೇಡಿ, ಸಣ್ಣ ಮನುಷ್ಯನೂ ಪ್ರಯತ್ನದಿಂದ ಎತ್ತರಕ್ಕೆ ಏರಬಲ್ಲ ಅಂತ. ಸಣ್ಣ ಮನುಷ್ಯನ ಪ್ರಯತ್ನ ಅಂದರೆ ಅವನ ಸ್ವಂತ ಯೋಚನೆ. ಅದನ್ನು ನಾವು ಕಿತ್ತುಕೊಳ್ಳಬಾರದು.

ಹಾಗಾದರೆ ಹಾಸ್ಟೆಲ್ಲಿನಲ್ಲಿ ನಾವೇನು ಮಾಡಬೇಕು? ನಿಮ್ಮ ಹತ್ತಿರ ಯಾರಾದರೂ ಮನಸ್ಸು ಬಿಚ್ಚಿ "ನನಗೆ ನಂಬಿಕೆ ಇಲ್ಲ" ಅಂದರೆ, ಅದು ನಿಮ್ಮ ಬಾಯಿಂದ ಅವರ ಮನೆಗೆ, ಮಸೀದಿಗೆ, ಚರ್ಚಿಗೆ ಹೋಗಬಾರದು. ಯಾವಾಗ ಹೇಳಬೇಕು, ಹೇಳಲೇಬೇಕಾ ಅನ್ನೋದು ಅವರ ಹಕ್ಕು. ಮನೆಯಿಂದ ದುಡ್ಡು ನಿಂತರೆ ಪರೀಕ್ಷೆ ಫೀಸಿಗೆ ಹತ್ತು ಹತ್ತು ರೂಪಾಯಿ ಕೂಡಿಸಿ. ಮದುವೆ ಮಾತು ಬಂದರೆ ಮುಲ್ಲಾನೂ ಬೇಡ, ಭಟ್ಟನೂ ಬೇಡ, 1954ರ ವಿಶೇಷ ವಿವಾಹ ಕಾಯಿದೆ ಇದೆ. ನೋಟಿಸು ಹಾಕುವ ಆ 30 ದಿನ ಜೊತೆಗಿರಿ, ಹೊಡೆತ ಬೀಳೋದು ಆಗಲೇ. ಅವರನ್ನು ವೇದಿಕೆ ಮೇಲೆ ನಿಲ್ಲಿಸಿ ಪ್ರದರ್ಶನ ಮಾತ್ರ ಮಾಡಬೇಡಿ. ರೋಜಾ ಇರುವವನ ತಟ್ಟೆ ಎತ್ತಿಡಿ, ಅವನನ್ನು ಗೇಲಿ ಮಾಡಬೇಡಿ. ಪ್ರಶ್ನೆಯನ್ನು ಮೊದಲು ನಮ್ಮ ಮನೆಯಿಂದಲೇ ಶುರು ಮಾಡಿ. 1982ರಲ್ಲೇ ದೇವದಾಸಿ ನಿಷೇಧ ಕಾಯಿದೆ ಬಂದರೂ ಎಲ್ಲವ್ವನ ಮುತ್ತಿನ ಭಯ ನಮ್ಮ ಕೇರಿಗಳಿಂದ ಪೂರ್ತಿ ಹೋಗಿದೆಯಾ? ಬಾಬಾಸಾಹೇಬರ ಪಟಕ್ಕೆ ಕಾಯಿ ಒಡೆದು ಕೈಮುಗಿದು ಪುಸ್ತಕ ತೆರೆಯದವರು ನಮ್ಮಲ್ಲಿಲ್ಲವಾ?

ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಅಂತ ಬರೆದಿದೆ. ಅದು ನಂಬುವವನ ಜೊತೆ ನಂಬದವನಿಗೂ ಸೇರಿದ್ದು. ಮುಂದಿನ ಸಭೆಯಲ್ಲಿ ಆ ಹುಡುಗನೋ ಹುಡುಗಿಯೋ ಎದ್ದು ನಿಂತರೆ ಮುಖ ನೋಡಿಕೊಳ್ಳುತ್ತ ಕೂಡಬೇಡಿ. ಪಕ್ಕದಲ್ಲಿ ಹೋಗಿ ನಿಲ್ಲಿ.

ಜೈ ಭೀಮ್.