ಸೆನ್ಸರ್ ಬದಲಿಸುವ ಮುನ್ನ ವಯರ್ ನೋಡಿ

ಕಾಪುವಿನಲ್ಲಿ ಮೈನಸ್ 40 ಡಿಗ್ರಿ ಚಳಿ ಬೀಳುವುದುಂಟೇ? ಇಲ್ಲವೆಂದು ಶಾಲೆ ಮಕ್ಕಳೂ ಹೇಳುತ್ತಾರೆ. ಆದರೆ ಬಿಎಸ್-6 ಬಸ್ಸು, ಲಾರಿಗಳ ಇಸಿಯು ಕೆಲವೊಮ್ಮೆ ಹಾಗೆಂದು ನಂಬಿಬಿಡುತ್ತದೆ. ಎಚ್ಚರಿಕೆ ದೀಪ ಹತ್ತುತ್ತದೆ. ಗ್ಯಾರೇಜಿಗೆ ಹೋದರೆ ‘ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು’ ಎಂಬ ಉತ್ತರ ಸಿಗುತ್ತದೆ. ಅಳೆದು ನೋಡದೆ ಕೊಡುವ ಈ ಉತ್ತರದ ಬಗ್ಗೆ ನಮ್ಮ ತಕರಾರಿದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾಯಿತು. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ದೊಡ್ಡ ಡೀಸೆಲ್ ವಾಹನಗಳಿಗೆ ಡಿಇಎಫ್ ಟ್ಯಾಂಕ್ ಬಂತು. ಚಾಲಕರ ಬಾಯಲ್ಲಿ ಅದು ಬರೀ ‘ಯೂರಿಯಾ’. ಶೇ. 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಮೈನಸ್ 11 ಡಿಗ್ರಿಯಲ್ಲಿ ಅದು ಹೆಪ್ಪುಗಟ್ಟುವುದರಿಂದ ಟ್ಯಾಂಕಿನಲ್ಲಿ ಉಷ್ಣತೆಯ ಸೆನ್ಸರ್ ಇಟ್ಟಿದ್ದಾರೆ. ಸಾಮಾನ್ಯವಾಗಿ ಬಿಸಿ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ. ವಯರ್ ತುಂಡಾದರೆ ರೋಧ ವಿಪರೀತ ಏರುತ್ತದೆ, ಇಸಿಯು ಅದನ್ನು ಕಡುಚಳಿ ಎಂದುಕೊಳ್ಳುತ್ತದೆ. ಹಲವು ವಾಹನಗಳಲ್ಲಿ ಮೈನಸ್ 40 ಕಾಣುವುದು ಹೀಗೆ. ವಯರುಗಳು ಒಂದಕ್ಕೊಂದು ತಾಗಿದರೆ ತದ್ವಿರುದ್ಧ, ಇಲ್ಲದ ಬಿಸಿ ತೋರಿಸುತ್ತದೆ.

ಪರೀಕ್ಷೆ ಕಷ್ಟದ್ದೇನಲ್ಲ. ರಾತ್ರಿಯಿಡೀ ನಿಂತ ವಾಹನಕ್ಕೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನರ್ ಹಾಕಬೇಕು. ಡಿಇಎಫ್, ಕೂಲಂಟ್, ಹೊರಗಿನ ಗಾಳಿ ಮೂರರ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಡಿಇಎಫ್ ಮಾತ್ರ ಬೇರೆ ತೋರಿಸಿದರೆ ಕನೆಕ್ಟರ್ ಬಿಚ್ಚಿ ನೋಡಬೇಕು. ಪಿನ್ನಿನಲ್ಲಿ ಹಸಿರು ಕಿಲುಬು, ಬಿಳಿ ಯೂರಿಯಾ ಹುಡಿ, ನೀರು ಇದೆಯೇ? ವಯರ್ ಅಲುಗಾಡಿಸಿದರೆ ಸ್ಕ್ಯಾನರಿನ ಅಂಕಿ ಜಿಗಿಯುತ್ತದೆಯೇ? ಆಮೇಲೆ ಸೆನ್ಸರಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದು ಕಂಪನಿಯ ಕೋಷ್ಟಕಕ್ಕೆ ಹೋಲಿಸಬೇಕು.

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಕಾಪುವಿನ ಹೆದ್ದಾರಿಯಲ್ಲಿ ಉಪ್ಪುಗಾಳಿ, ಕಾರ್ಕಳದ ಟಿಪ್ಪರ್‌ಗಳಿಗೆ ಕಲ್ಲುಧೂಳು ಮತ್ತು ಕುಲುಕಾಟ, ಎಲ್ಲರಿಗೂ ನಾಲ್ಕು ತಿಂಗಳ ಮಳೆ. ಸೆನ್ಸರಿಗಿಂತ ಮೊದಲು ಇವು ಕೆಡಿಸುವುದು ಕನೆಕ್ಟರನ್ನು ಎಂದು ಶಂಕಿಸುವುದೇ ಜಾಣತನ. ಹಲವು ವಾಹನಗಳಲ್ಲಿ ಉಷ್ಣತೆ, ಮಟ್ಟ, ಗುಣಮಟ್ಟ ಅಳೆಯುವ ಸೆನ್ಸರುಗಳು ಒಂದೇ ಘಟಕದಲ್ಲಿರುತ್ತವೆ. ಅಲ್ಲಿ ಮಲ್ಟಿಮೀಟರ್ ಸಾಲದಿರಬಹುದು, ಬದಲಿಸಿದರೆ ಪೂರ್ತಿ ಘಟಕದ ಬೆಲೆ ತೆರಬೇಕು. ಬದಲಿಸಿದ ಮೇಲೂ ದೀಪ ಹತ್ತಿದರೆ? ಡಿಇಎಫ್ ವ್ಯವಸ್ಥೆಯ ದೋಷ ಹಾಗೇ ಉಳಿದರೆ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸುವ ವ್ಯವಸ್ಥೆ ಈ ವಾಹನಗಳಲ್ಲಿದೆ. ಆಗ ಉಡುಪಿಯಿಂದ ಮಣಿಪಾಲದ ಏರು ಹತ್ತಲೂ ಬಸ್ಸು ಏದುಸಿರು ಬಿಡಬೇಕಾಗುತ್ತದೆ. ಟ್ರಿಪ್ ತಪ್ಪಿದರೆ ನಷ್ಟ ಮಾಲಕರಿಗೆ ಮಾತ್ರವಲ್ಲ, ಬಸ್ ನಂಬಿದ ಪ್ರಯಾಣಿಕರಿಗೂ. ಬೇಸತ್ತು ಡಿಇಎಫ್ ವ್ಯವಸ್ಥೆಯನ್ನೇ ಕಿತ್ತುಹಾಕಿದರೆ ವಿಷದ ಹೊಗೆ ಊರಿಗೆ.

ತಪ್ಪೆಲ್ಲ ಸಣ್ಣ ಗ್ಯಾರೇಜುಗಳ ಮೇಲೆ ಹೊರಿಸಲಾಗದು. ಕೋಷ್ಟಕವೇ ಕೈಯಲ್ಲಿಲ್ಲದ ಮೆಕ್ಯಾನಿಕ್ ಯಾವುದಕ್ಕೆ ಹೋಲಿಸಬೇಕು? ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಾಗ ವಾಹನ ಕ್ಷೇತ್ರವನ್ನೂ ಸೇರಿಸಿತ್ತು. ಆ ಮಾತು ಉಳಿಯಬೇಕಾದರೆ ವಯರಿಂಗ್ ನಕ್ಷೆ, ದೋಷ ಕೋಡ್, ರೋಧದ ಕೋಷ್ಟಕಗಳು ಕನ್ನಡದಲ್ಲಿ ಕಾರ್ಕಳದ ಗ್ಯಾರೇಜಿಗೂ ತಲುಪಬೇಕು. ಐಟಿಐಗಳಲ್ಲಿ ಬಿಎಸ್-6 ದುರಸ್ತಿಯನ್ನು ಕೈಯಾರೆ ಕಲಿಸಬೇಕು.

ಅಲ್ಲಿಯವರೆಗೆ ವಾಹನ ಮಾಲಕರು ಒಂದು ಪ್ರಶ್ನೆ ಕೇಳಲಿ: ‘ಸೆನ್ಸರ್ ಹೋಗಿದೆ ಸರಿ, ಅಳೆದಾಗ ಎಷ್ಟು ಬಂತು?’ ಉತ್ತರ ಸಿಕ್ಕಿದ ಮೇಲೆ ದುಡ್ಡು ಕೊಟ್ಟರಾಯಿತು.