ಒಬ್ಬಾಕೆಯ ಒಲೆಗೂ ಅಷ್ಟೇ ಕಟ್ಟಿಗೆ

ರಂಜಾನ್ ಹತ್ತಿರ ಬಂದಾಗಲೆಲ್ಲ ನಮ್ಮ ಮಸೀದಿಗಳ ಮಿಂಬರಿನಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ದುಂದು ಮಾಡಬೇಡಿ, ಇಸ್ರಾಫ್ ಹರಾಮ್, ಇದ್ದುದರಲ್ಲಿ ಸಬೂರಿ ಮಾಡಿ. ಒಳ್ಳೆಯ ಮಾತೇ. ಮಗಳ ಮದುವೆಗೆಂದು ಹೊಲ ಮಾರಿ ಸಾವಿರ ಮಂದಿಗೆ ಬಿರಿಯಾನಿ ಉಣಿಸುವವರಿಗೆ ಹೇಳಲೇಬೇಕಾದ ಮಾತು. ಆದರೆ ಅಂಥವರು ಮೊದಲ ಸಾಲಿನಲ್ಲೇ ಕೂತು ತಲೆಯಾಡಿಸಿ ಎದ್ದು ಹೋಗುತ್ತಾರೆ. ಆ ಮಾತು ಧ್ವನಿವರ್ಧಕದಲ್ಲಿ ಹಾದು ಹಿಂದಿನ ಓಣಿಯ ತಗಡಿನ ಕೋಣೆಯೊಳಗೆ ಒಬ್ಬಳೇ ಬದುಕುವ ಹೆಂಗಸಿನ ಕಿವಿಗೂ ಬೀಳುತ್ತದೆ. ಆಕೆ ಏನನ್ನು ದುಂದು ಮಾಡಬೇಕು?

ಮಿಂಬರನ್ನು ಮಾತ್ರ ಅಂದು ಸುಮ್ಮನಾಗುವುದು ಸರಿಯಲ್ಲ. ಪತ್ರಿಕೆಯವರಾದ ನಾವೂ ಇದೇ ಕೆಲಸ ಮಾಡುತ್ತ ಬಂದಿದ್ದೇವೆ. ಮನೆಖರ್ಚು ತಗ್ಗಿಸಲು ಹತ್ತು ಉಪಾಯ, ಗೃಹಿಣಿ ಲೆಕ್ಕ ಬರೆದಿಡುವುದು ಹೇಗೆ, ಹನಿಗೂಡಿದರೆ ಹಳ್ಳ ಎಂಬ ಬರಹಗಳಿಂದ ಮಹಿಳಾ ಪುಟಗಳನ್ನು ತುಂಬಿದ್ದೇವೆ. ಸ್ವಸಹಾಯ ಸಂಘಗಳ ಸಭೆಯಲ್ಲಿ ಬ್ಯಾಂಕಿನವರು ಬಂದು 'ಆರ್ಥಿಕ ಸಾಕ್ಷರತೆ' ಎಂದು ಪಾಠ ಮಾಡುತ್ತಾರೆ. ಬಡವರಿಗೆ ಲೆಕ್ಕ ಬರುವುದಿಲ್ಲ, ಬಂದಿದ್ದರೆ ಬಡವರಾಗಿರುತ್ತಿರಲಿಲ್ಲ ಎಂಬ ಹಮ್ಮು ಈ ಎಲ್ಲದರ ತಳದಲ್ಲಿದೆ.

2025ರ ಜನವರಿಯಲ್ಲಿ ನವಲಗುಂದದ ಒಂದು ಓಣಿಯಲ್ಲಿ ಅಂಥ ಒಬ್ಬ ತಾಯಿಯ ಲೆಕ್ಕವನ್ನು ನಾವು ಕೂತು ಕೇಳಿದೆವು. ವಯಸ್ಸು ಐವತ್ತೆಂಟು. ಗಂಡ ತೀರಿಹೋಗಿ ಹನ್ನೆರಡು ವರ್ಷ. ಒಬ್ಬನೇ ಮಗ ಹುಬ್ಬಳ್ಳಿಯಲ್ಲಿ ಗೌಂಡಿ ಕೆಲಸಕ್ಕೆ ಹೋಗಿ ಅಲ್ಲೇ ಬಾಡಿಗೆ ಮನೆ ಮಾಡಿದ್ದಾನೆ. ಈಕೆ ಜಮಖಾನೆ ನೇಯ್ದವಳು. ನವಲಗುಂದದ ಜಮಖಾನೆ ನಮ್ಮ ಮುಸ್ಲಿಂ ಹೆಣ್ಣುಮಕ್ಕಳೇ ನಿಲುಮಗ್ಗದ ಮುಂದೆ ಕೂತು ಉಳಿಸಿಕೊಂಡು ಬಂದ ಕಸುಬು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಮಾನ್ಯತೆ ಜಮಖಾನೆಗೆ ಸಿಕ್ಕಿತು, ನೇಯುವವಳ ಬೆನ್ನಿಗೆ ಸಿಗಲಿಲ್ಲ. ಬೆನ್ನು ಮತ್ತು ಕಣ್ಣು ಎರಡೂ ಸೋತ ಮೇಲೆ ಈಕೆ ಮಗ್ಗ ಬಿಟ್ಟು, ಸುಗ್ಗಿಯಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುತ್ತಾಳೆ. ಸುಗ್ಗಿ ಮುಗಿದರೆ ಅದೂ ಇಲ್ಲ.

ಕೈಗೆ ಬರುವುದು ವಿಧವಾ ವೇತನ 800 ರೂಪಾಯಿ. ಹೋಗುವುದು ಇಷ್ಟು: ಜೋಳ ಹತ್ತು ಕಿಲೊ, 400. ಗಿರಣಿಗೆ 60. ತೊಗರಿಬೇಳೆ ಒಂದು ಕಿಲೊ, 160. ಎಣ್ಣೆ 150. ಚಹಾಪುಡಿ, ಸಕ್ಕರೆ 180. ಉಳ್ಳಾಗಡ್ಡಿ, ಕಾಯಿಪಲ್ಲೆ, ಖಾರ 300. ಬಿ.ಪಿ. ಗುಳಿಗೆ 200. ಮೊಬೈಲಿಗೆ 200. ಸಾಬೂನು, ಸೋಡಾಪುಡಿ 100. ಗ್ಯಾಸ್ ಸಿಲಿಂಡರನ್ನು ನಾಲ್ಕು ತಿಂಗಳು ಎಳೆದರೂ ತಿಂಗಳಿಗೆ 210. ಕೂಡಿಸಿದರೆ 1960. ಇದರಲ್ಲಿ ಹಾಲಿಲ್ಲ, ಮೊಟ್ಟೆಯಿಲ್ಲ, ಮಾಂಸವಿಲ್ಲ, ಸೀರೆಯಿಲ್ಲ, ಮದುವೆ-ಮೈಯತ್ತಿಗೆ ಹೋಗಿಬರುವ ಖರ್ಚಿಲ್ಲ. ಮೊಬೈಲ್ ಏಕೆ ಎಂದು ಕೇಳುವ ಜಾಣರಿಗೆ ಹೇಳುತ್ತೇವೆ: ಬ್ಯಾಂಕು, ಆಧಾರ್, ಪಡಿತರ, ಎಲ್ಲ ಕಡೆಯೂ ಒಟಿಪಿ ಕೇಳುವ ಸರಕಾರವೇ ಆಕೆಯ ಕೈಗೆ ಮೊಬೈಲ್ ಕೊಡಿಸಿದ್ದು.

ಇನ್ನೂ ಎಲ್ಲಾದರೂ ಉಳಿಸಬಹುದೇ ಎಂದು ನಾವೂ ಪೆದ್ದರಂತೆ ಕೇಳಿದೆವು. ಆಕೆ ನಕ್ಕಳು. "ಒಬ್ಬಾಕಿ ಇದ್ರೂ ಒಲಿಗೆ ಅಷ್ಟ ಕಟಗಿ ಬೇಕ್ರಿ, ನಾಕ ಮಂದಿ ಇದ್ರೂ ಅಷ್ಟ. ಒಲಿಗೇನ ಗೊತ್ತ, ನಾ ಒಬ್ಬಾಕಿ ಅದೀನಂತ?"

ಅರ್ಥಶಾಸ್ತ್ರದ ದಪ್ಪ ಪುಸ್ತಕಗಳು ಹೇಳುವುದೂ ಇದನ್ನೇ. ಇಬ್ಬರು ಕೂಡಿ ಬದುಕುವ ಖರ್ಚು ಒಬ್ಬರ ಖರ್ಚಿನ ಎರಡು ಪಟ್ಟಾಗುವುದಿಲ್ಲ, ಒಬ್ಬರ ಖರ್ಚು ಇಬ್ಬರ ಖರ್ಚಿನ ಅರ್ಧಕ್ಕೂ ಇಳಿಯುವುದಿಲ್ಲ. ದೀಪ ಒಂದೇ, ಒಲೆ ಒಂದೇ, ಬಾಗಿಲ ಚಿಲಕ ಒಂದೇ. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ಎಲ್ಲವೂ ಒಬ್ಬರ ತಲೆಯ ಮೇಲೆ. ಅದರ ಮೇಲೆ ಚಿಲ್ಲರೆಯ ದಂಡ ಬೇರೆ. ಐದು ಲೀಟರಿನ ಎಣ್ಣೆ ಡಬ್ಬಿ ಕೊಂಡವನಿಗೆ ಲೀಟರಿಗೆ ಬೀಳುವ ದರಕ್ಕಿಂತ ಕಾಲು ಲೀಟರಿನ ಪಾಕೀಟು ಒಯ್ಯುವವಳಿಗೆ ಬೀಳುವ ದರ ಹೆಚ್ಚು. ಮೂರು ಕಿಲೊ ಜೋಳ ಒಯ್ದರೂ ಗಿರಣಿಯವನು ಐದು ಕಿಲೊದ ಕೂಲಿ ಕೇಳುತ್ತಾನೆ. ಒಟ್ಟಿಗೇ ಹೆಚ್ಚು ತಂದಿಡೋಣವೆಂದರೆ ಕೈಯಲ್ಲಿ ರೊಕ್ಕವಿಲ್ಲ, ತಂದಿಟ್ಟ ಹಿಟ್ಟಿಗೆ ಹುಳ ಬೀಳುತ್ತದೆ. ಬಡತನ ಅಗ್ಗದ್ದಲ್ಲ, ಒಂಟಿಯ ಬಡತನವಂತೂ ಅಲ್ಲವೇ ಅಲ್ಲ.

ಹಾಗಾದರೆ ಸರಕಾರದ ಗ್ಯಾರಂಟಿಗಳು ಏನಾದವು? ಇಲ್ಲಿಯೇ ನಮ್ಮ ಜಗಳವಿರುವುದು. ಈಕೆಯ ಹೆಸರು ಮಗನ ರೇಷನ್ ಕಾರ್ಡಿನಲ್ಲಿದೆ. ಆಕೆಯ ಪಾಲಿನ ಅಕ್ಕಿ ಹುಬ್ಬಳ್ಳಿಯಲ್ಲಿ ಬೇಯುತ್ತದೆ. 2023ರ ಜುಲೈನಿಂದ ಹೆಚ್ಚುವರಿ ಐದು ಕಿಲೊ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡುತ್ತಿದ್ದಾಗ ಆ ಹಣವೂ ಅಲ್ಲಿಗೇ ಹೋಯಿತು. ಗೃಹಲಕ್ಷ್ಮಿಯ 2000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಎಂದು ಬರೆದವಳಿಗೆ, ಅಂದರೆ ಸೊಸೆಗೆ. ಸೊಸೆಯನ್ನು ನಾವು ದೂರುವುದಿಲ್ಲ. ಎರಡು ಕೂಸುಗಳನ್ನು ಕಟ್ಟಿಕೊಂಡು ಹುಬ್ಬಳ್ಳಿಯಲ್ಲಿ ಬಾಡಿಗೆ ಕಟ್ಟುವವಳಿಗೆ ಆ ಎರಡು ಸಾವಿರ ಎಲ್ಲಿಗೆ ಸಾಕಾಗುತ್ತದೆ? ದೂರಬೇಕಾದುದು ಲೆಕ್ಕದ ಪದ್ಧತಿಯನ್ನು. ತಲೆ ಎಣಿಸಿ ಹಂಚುವಲ್ಲಿ ಈಕೆ ಬರೀ ಒಂದು ತಲೆ, ಒಲೆಯ ಖರ್ಚು ಯಾರೂ ಕೇಳುವುದಿಲ್ಲ. ಮನೆ ಎಣಿಸಿ ಹಂಚುವಲ್ಲಿ ಈಕೆ ಮನೆಯೇ ಅಲ್ಲ. ಎರಡೂ ಕಡೆ ಸೋಲು.

ನ್ಯಾಯವಾಗಿ ಒಂದು ಮಾತು ಹೇಳಬೇಕು. 2023ರ ಜೂನ್ 11ರಂದು ಶುರುವಾದ ಶಕ್ತಿ ಬಸ್ಸು ಯಜಮಾನಿ ಯಾರೆಂದು ಕೇಳಲಿಲ್ಲ. ಗುರುತಿನ ಚೀಟಿ ತೋರಿಸಿದ ಹೆಣ್ಣು, ಅಷ್ಟೇ. ಈ ತಾಯಿ ಗುಳಿಗೆ ತರಲು ಹುಬ್ಬಳ್ಳಿಗೆ ಹೋಗಿಬರುವುದು ಅದರಿಂದಲೇ. ಗೃಹಜ್ಯೋತಿಯಲ್ಲೂ ಒಂದು ಪಾಠವಿದೆ. ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ ಅಷ್ಟು ವಿದ್ಯುತ್ ಪುಕ್ಕಟೆ ಎಂದು ಮೊದಲು ನಿಯಮ ಮಾಡಿದರು. ಅಂದರೆ 20 ಯೂನಿಟ್ ಉರಿಸಿದವರಿಗೆ ಹೆಚ್ಚುವರಿ ಎರಡು, 150 ಉರಿಸಿದವರಿಗೆ ಹದಿನೈದು. ಮಿತವಾಗಿ ಬದುಕಿದವರಿಗೆ ಮಿತವೇ ಶಿಕ್ಷೆ! 2024ರ ಜನವರಿಯಲ್ಲಿ ಸಂಪುಟ ಇದನ್ನು ತಿದ್ದಿ, 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇಕಡಾವಾರಿನ ಬದಲು ನೇರ 10 ಯೂನಿಟ್ ಹೆಚ್ಚುವರಿ ಎಂದಿತು. ಸಣ್ಣ ಮನೆಯ ಲೆಕ್ಕ ಬೇರೆ ಎಂಬುದು ವಿಧಾನಸೌಧಕ್ಕೂ ಅರ್ಥವಾಗುತ್ತದೆ, ಮನಸ್ಸಿದ್ದರೆ.

ಪಿಂಚಣಿಯ ಕಡೆಗೆ ನೋಡಿ. ವಿಧವಾ ವೇತನ 600 ಇದ್ದುದು 800 ಆದದ್ದು 2021ರಲ್ಲಿ. ಅದರಲ್ಲಿ ಕೇಂದ್ರದ ಪಾಲು 300, ಅದು ನಿಗದಿಯಾದದ್ದು 2012ರಲ್ಲಿ. 2025 ಮುಗಿದರೂ ಅದಕ್ಕೆ ಒಂದು ರೂಪಾಯಿ ಕೂಡಲಿಲ್ಲ. ಈ ಹದಿಮೂರು ವರ್ಷಗಳಲ್ಲಿ ಸಂಸದರ ಸಂಬಳ ಎಷ್ಟು ಬಾರಿ ಏರಿತು ಎಂಬುದನ್ನು ಓದುಗರೇ ನೆನಪಿಸಿಕೊಳ್ಳಲಿ.

ಇನ್ನು ಅಂತ್ಯೋದಯ. ಪಿಯುಸಿಎಲ್ ಹೂಡಿದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರ ಮೇ 2ರಂದು ಕೊಟ್ಟ ಆದೇಶ ಸ್ಪಷ್ಟವಾಗಿದೆ. ಖಾಯಂ ಆಸರೆಯಿಲ್ಲದ ವಿಧವೆಯರು, ಒಂಟಿ ಹೆಂಗಸರು, ಮುದುಕರು ಅಂತ್ಯೋದಯ ಕಾರ್ಡಿಗೆ ಅರ್ಹರು. ಅಂತ್ಯೋದಯದಲ್ಲಿ ತಲೆಯೆಣಿಕೆ ಇಲ್ಲ, ಕಾರ್ಡಿಗೆ 35 ಕಿಲೊ ಧಾನ್ಯ. ಒಂಟಿ ಒಲೆಯ ಲೆಕ್ಕವನ್ನು ಸರಿಯಾಗಿ ಹಿಡಿದ ಒಂದೇ ವ್ಯವಸ್ಥೆ ಇದು. ಆದರೆ ಅಂತ್ಯೋದಯ ಬೇಕಾದರೆ ಮೊದಲು ಮಗನ ಕಾರ್ಡಿನಿಂದ ಹೆಸರು ತೆಗೆಸಬೇಕು, ತೆಗೆಸಿ ಹೊಸದಕ್ಕೆ ಅರ್ಜಿ ಹಾಕಬೇಕು. 2023ರ ಚುನಾವಣೆಯ ಹೊತ್ತಿಗೆ ರಾಜ್ಯದಲ್ಲಿ ಹೊಸ ಕಾರ್ಡಿನ ಅರ್ಜಿಗಳು ಲಕ್ಷಗಟ್ಟಲೆ ಬಾಕಿ ಬಿದ್ದಿದ್ದವು. ಹಳೆಯದರಿಂದ ಹೆಸರು ಹೋಗಿ ಹೊಸದು ಬಾರದಿದ್ದರೆ? ಆ ಹೆದರಿಕೆಗೇ ಈ ತಾಯಿ ಕಚೇರಿಯ ಮೆಟ್ಟಿಲು ಹತ್ತಿಲ್ಲ. ಆಕೆಗೆ ಲೆಕ್ಕ ಬರುವುದಿಲ್ಲ ಎನ್ನುವವರು ಈ ಲೆಕ್ಕಾಚಾರವನ್ನು ಗಮನಿಸಲಿ.

ಮಗ ನೋಡಿಕೊಳ್ಳಬೇಕಲ್ಲವೇ, ತಾಯಿಯನ್ನು ಬೇರೆ ಮನೆ ಎಂದು ಬರೆದರೆ ಕುಟುಂಬ ಒಡೆದಂತಲ್ಲವೇ ಎಂದು ನಮ್ಮ ಹಿರಿಯರು ಕೇಳುತ್ತಾರೆ. ಮಕ್ಕಳ ಮೇಲೆ ದೂರು ಕೊಡಲು 2007ರ ಹಿರಿಯ ನಾಗರಿಕರ ಕಾನೂನು ಇದೆ, ತಿಂಗಳಿಗೆ ಹತ್ತು ಸಾವಿರದವರೆಗೆ ಕೊಡಿಸಬಹುದು ಎಂದು ವಕೀಲರು ಹೇಳುತ್ತಾರೆ. ಯಾವ ತಾಯಿ ಗೌಂಡಿ ಕೆಲಸದ ಮಗನ ಮೇಲೆ ದೂರು ಕೊಡುತ್ತಾಳೆ? ಅವನು ಹಬ್ಬಕ್ಕೆ ಬರುತ್ತಾನೆ, ಐನೂರು ಕೊಟ್ಟು ಹೋಗುತ್ತಾನೆ, ಕೊಡುವಾಗ ಅವನ ಮುಖ ಸಣ್ಣದಾಗುತ್ತದೆ. ಕುಟುಂಬವನ್ನು ಒಡೆದದ್ದು ಕಾರ್ಡಲ್ಲ. ಬಿದ್ದ ಮಳೆ, ಬತ್ತಿದ ಮಳೆ, ಊರಲ್ಲಿಲ್ಲದ ಕೆಲಸ ಅದನ್ನು ಎಂದೋ ಒಡೆದಿವೆ. ಒಡೆದದ್ದನ್ನು ಒಡೆದಿದೆ ಎಂದು ಬರೆಯಲು ನಾಚಿಕೆಯೇಕೆ?

ದೇಶದಲ್ಲಿ ವಿಧವೆಯರು, ತಲಾಕಾದವರು, ಗಂಡ ಬಿಟ್ಟವರು, ಮದುವೆಯಾಗದವರು ಕೂಡಿ 2001ರಲ್ಲಿ 5.12 ಕೋಟಿ ಒಂಟಿ ಹೆಂಗಸರಿದ್ದರು. 2011ರ ಜನಗಣತಿಯಲ್ಲಿ ಅದು 7.14 ಕೋಟಿ. ಇದು ಒಂದು ಜಾತಿಯ, ಒಂದು ಧರ್ಮದ ಕತೆಯಲ್ಲ. ಕುಂದಗೋಳದ, ಕಲಘಟಗಿಯ, ಅಣ್ಣಿಗೇರಿಯ ಯಾವ ಹಳ್ಳಿಗೆ ಹೋದರೂ ಸಂಜೆ ಕಟ್ಟೆಯ ಮೇಲೆ ಒಬ್ಬಳೇ ಕೂತ ಅವ್ವ ಸಿಗುತ್ತಾಳೆ. ಆದರೆ ನಾವು ಮೊದಲು ನಮ್ಮ ಅಂಗಳವನ್ನು ಗುಡಿಸಬೇಕು.

ನಮ್ಮ ಜಮಾತುಗಳು ಏನು ಮಾಡುತ್ತಿವೆ? ಝಕಾತ್ ಎಂಬುದು ಭಿಕ್ಷೆಯಲ್ಲ, ಹಕ್ಕು ಎಂದು ನಾವು ಇತರರಿಗೆ ಹೆಮ್ಮೆಯಿಂದ ವಿವರಿಸುತ್ತೇವೆ. ಅದನ್ನು ಹಂಚುವುದು ಹೇಗೆ? ರಂಜಾನಿನ ಕೊನೆಯ ಹತ್ತು ದಿನಗಳಲ್ಲಿ ಒಂದು ಕಿಟ್, ಒಂದು ಸೀರೆ, ಜೊತೆಗೆ ಒಂದು ಫೋಟೊ. ಶವ್ವಾಲ್ ಚಂದ್ರ ಕಂಡ ಮೇಲೆ ಹನ್ನೊಂದು ತಿಂಗಳು ಆಕೆಯ ಒಲೆ ಹೇಗೆ ಉರಿಯುತ್ತದೆ ಎಂದು ಯಾವ ಕಮಿಟಿ ಕೇಳಿದೆ? ವರ್ಷದ ಝಕಾತನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೆ ಐನೂರು ಆಕೆಯ ಖಾತೆಗೆ ಹಾಕಲು ಯಾವ ಶರೀಅತ್ ಅಡ್ಡ ಬರುತ್ತದೆ? ಖಲೀಫ ಉಮರರು ದಿವಾನ್ ಬರೆಸಿ ಗಂಡಸು, ಹೆಂಗಸು, ಮಕ್ಕಳಿಗೆಲ್ಲ ಹೆಸರು ಹಿಡಿದು ಭತ್ಯೆ ಗೊತ್ತುಮಾಡಿದವರು. ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆ ಎಂಬ ನಿಯಮದಿಂದಾಗಿ ಒಬ್ಬ ತಾಯಿ ಕೂಸಿಗೆ ಬೇಗ ಮೊಲೆ ಬಿಡಿಸುತ್ತಿದ್ದಳೆಂದು ರಾತ್ರಿಯ ಗಸ್ತಿನಲ್ಲಿ ತಿಳಿದು, ಹುಟ್ಟಿದ ದಿನದಿಂದಲೇ ಕೊಡುವಂತೆ ನಿಯಮ ತಿದ್ದಿದರೆಂಬ ಪ್ರಸಂಗವನ್ನು ನಮ್ಮ ಖತೀಬರು ಕಣ್ಣೀರು ತುಂಬಿ ಹೇಳುತ್ತಾರೆ. ಉಮರರು ಆ ತಾಯಿಗೆ ಸಬೂರಿಯ ಪಾಠ ಹೇಳಲಿಲ್ಲ, ನಿಯಮವನ್ನೇ ಬದಲಿಸಿದರು. ಖುತ್ಬಾದಲ್ಲಿ ಈ ಭಾಗ ಮಾತ್ರ ಹೇಗೋ ತೇಲಿಹೋಗುತ್ತದೆ.

ತಲಾಕಾದವರ ಮಾತು ಇನ್ನೂ ಕಹಿ. ಶಾಬಾನು ತೀರ್ಪಿನ ಗದ್ದಲದಲ್ಲಿ ನಾವೇ ಬೀದಿಗಿಳಿದು ತರಿಸಿಕೊಂಡ 1986ರ ಕಾನೂನಿನ ನಾಲ್ಕನೆಯ ಕಲಮು ಏನು ಹೇಳುತ್ತದೆ? ತಲಾಕಾದ ಹೆಣ್ಣು ತನ್ನನ್ನು ತಾನು ಸಾಕಿಕೊಳ್ಳಲಾರದೆ ಇದ್ದರೆ ಆಕೆಯ ವಾರಸುದಾರ ಬಂಧುಗಳು ಜೀವನಾಂಶ ಕೊಡಬೇಕು, ಅವರಿಗೂ ಆಗದಿದ್ದರೆ ರಾಜ್ಯದ ವಕ್ಫ್ ಮಂಡಳಿ ಕೊಡಬೇಕು. 2001ರ ಡ್ಯಾನಿಯಲ್ ಲತೀಫಿ ತೀರ್ಪು ಗಂಡನ ಹೊಣೆಯನ್ನು ಇದ್ದತ್ತಿನ ಆಚೆಗೂ ಚಾಚಿತು. 2024ರ ಜುಲೈ 10ರ ತೀರ್ಪು ಸಾಮಾನ್ಯ ಕಾನೂನಿನ ಜೀವನಾಂಶದ ಬಾಗಿಲೂ ಆಕೆಗೆ ತೆರೆದೇ ಇದೆ ಎಂದಿತು. ಪ್ರತಿ ತೀರ್ಪು ಬಂದಾಗಲೂ ನಾವು ಶರೀಅತ್ ಅಪಾಯದಲ್ಲಿದೆ ಎಂದು ಹೇಳಿಕೆ ಕೊಟ್ಟೆವು. ತನ್ನ ಊರಿನ ಒಬ್ಬ ತಲಾಕಾದ ಹೆಣ್ಣಿನ ಜೊತೆಗೆ ಮ್ಯಾಜಿಸ್ಟ್ರೇಟರ ಕಟ್ಟೆ ಹತ್ತಿ, ವಕ್ಫ್ ಮಂಡಳಿ ಈಕೆಗೆ ಕೊಡಲಿ ಎಂದು ಕೇಳಿದ ಮುತವಲ್ಲಿ ಯಾರಾದರೂ ಇದ್ದರೆ ಅವರ ಕೈ ಮುಟ್ಟಿ ಸಲಾಮ್ ಹೇಳಲು ನಾವು ಸಿದ್ಧ. ವಕ್ಫ್ ಆಸ್ತಿ ಉಳಿಸಲು ಮೆರವಣಿಗೆ ಮಾಡುತ್ತೇವೆ, ಮಾಡಲೇಬೇಕು. ಅದು ಯಾರಿಗಾಗಿ ಉಳಿಯಬೇಕು ಎಂಬ ಪ್ರಶ್ನೆಯನ್ನೂ ಬ್ಯಾನರಿನಲ್ಲಿ ಬರೆಯೋಣ.

ಲೆಕ್ಕ ತಪ್ಪಿದಾಗ ಹೊಟ್ಟೆ ಕಟ್ಟಿಕೊಳ್ಳಬೇಕಿಲ್ಲ, ಲೆಕ್ಕ ಹಾಕಿದವರನ್ನು ಕೇಳಬಹುದು ಎಂಬುದು ನವಲಗುಂದದ ನೆಲಕ್ಕೆ ಹೊಸದೇನಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಬೆಟರ್‌ಮೆಂಟ್ ಲೆವಿಯ ವಿರುದ್ಧ ಇದೇ ಊರಿನಲ್ಲಿ ರೈತರು ಕೂಡಿದರು. ಪೊಲೀಸರ ಗುಂಡಿಗೆ ಬಸಪ್ಪ ಲಕ್ಕುಂಡಿ ಬಲಿಯಾದರು. ಬಾರದ ನೀರಿಗೆ, ಬೆಳೆಯದ ಬೆಳೆಗೆ ಕರ ಹಾಕಿದ ಸರಕಾರಕ್ಕೆ ಆ ರೈತರು ಖರ್ಚು ತಗ್ಗಿಸಿ ಕಟ್ಟುತ್ತೇವೆ ಎನ್ನಲಿಲ್ಲ, ನಿಮ್ಮ ಲೆಕ್ಕವೇ ತಪ್ಪು ಎಂದರು. ಅವರ ಸ್ಮಾರಕಕ್ಕೆ ಪ್ರತಿ ಜುಲೈನಲ್ಲಿ ಎಲ್ಲ ಪಕ್ಷದವರೂ ಹಾರ ಹಾಕುತ್ತಾರೆ. ಒಂಟಿ ಹೆಂಗಸರು ಮಾತ್ರ ಆ ಗುಂಪು ಕಟ್ಟಲಾರರು. ಅವರು ಒಂಟಿ ಎಂಬುದೇ ಅದಕ್ಕೆ ಕಾರಣ. ಅವರಿಗಾಗಿ ಗುಂಪು ಕಟ್ಟುವ ಕೆಲಸ ಉಳಿದವರದು.

ನಾವು ಏಳುವ ಹೊತ್ತಿಗೆ ಆ ತಾಯಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ಮನೆಪಟ್ಟಿ ಕಟ್ಟಿದ ರಸೀದಿಗಳು, ವರ್ಷವಾರು ಜೋಡಿಸಿ ದಾರ ಕಟ್ಟಿದ್ದವು. ಅದರ ಕೆಳಗೆ ಜಮಾತಿನ ವಾರ್ಷಿಕ ವಂತಿಗೆಯ ರಸೀದಿಗಳು, 'ಮನೆ ಒಂದಕ್ಕೆ' ಎಂದು ಅಚ್ಚು ಹಾಕಿಸಿದವು. ಕೊಡಬೇಕಾದಾಗ ಆಕೆ ಒಂದು ಮನೆ. ಊರಿಗೂ ಮನೆ, ಮಸೀದಿಗೂ ಮನೆ. ಆ ರಸೀದಿಗಳನ್ನೇ ಅರ್ಜಿಗೆ ಲಗತ್ತಿಸಿ ಅಂತ್ಯೋದಯ ಕೇಳೋಣ ಎಂದು ನಾವು ಹೇಳಿದೆವು. "ನೀವೂ ಜೋಡಿ ಬರ್ತೀರೇನ್ರಿ?" ಎಂದು ಕೇಳಿದಳು. ಬರುವ ಸೋಮವಾರ ತಾಲೂಕು ಕಚೇರಿಗೆ ಹೋಗುವುದೆಂದು ಅಲ್ಲಿಯೇ ಗೊತ್ತುಮಾಡಿಕೊಂಡೆವು.