ಮದುವೆ ಆಗಲಿ, ಆಮೇಲೆ ಕೊಡಲಿ

‘ಅವಳ ಮದುವೆಯೊಂದು ಆಗಿಹೋಗಲಿ, ಆಮೇಲೆ ಬೇಕಾದರೆ ಕೊಡಲಿ.’

ನೆಂಟರ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ ದೊಡ್ಡಮ್ಮ ಹೀಗೆಂದಾಗ ಯಾರೂ ಎದುರಾಡಲಿಲ್ಲ. ಒಳಕೋಣೆಯಲ್ಲಿದ್ದ 26ರ ಹುಡುಗನಿಗೆ ರಕ್ತದ ಕ್ಯಾನ್ಸರ್. ಔಷಧಿಯಿಂದ ರೋಗ ಸದ್ಯಕ್ಕೆ ಹಿಡಿತಕ್ಕೆ ಬಂದಿತ್ತು. ಮರುಕಳಿಸುವ ಮೊದಲೇ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಆಕರಕೋಶ, ಬೇರೊಬ್ಬರಿಂದ ಪಡೆಯಬೇಕೆಂದು ವೈದ್ಯರು ಹೇಳಿದ್ದರು. ಎರಡು ಮಕ್ಕಳ ತಾಯಿಯಾದ ಅಕ್ಕನದು ಹೊಂದಲಿಲ್ಲ. ಮದುವೆಯಾಗದ ತಂಗಿಯದು ಪೂರ್ತಿ ಹೊಂದಿತು. ಹಿಗ್ಗಬೇಕಾದ ಮನೆಯಲ್ಲಿ ಸೂತಕದ ಮೌನ!

ಹೊಂದುವುದೆಂದರೆ ರಕ್ತದ ಗುಂಪಲ್ಲ. ನಮ್ಮ ಜೀವಕೋಶಗಳ ಮೇಲೆ ‘ಇದು ನನ್ನದು’ ಎಂದು ಸಾರುವ ಗುರುತುಗಳಿವೆ, ಎಚ್‌ಎಲ್‌ಎ ಎನ್ನುತ್ತಾರೆ. ಅವುಗಳ ವಂಶವಾಹಿಗಳು 6ನೆಯ ವರ್ಣತಂತುವಿನಲ್ಲಿ ಒಟ್ಟಾಗಿ ಕೂತಿವೆ. ಅಪ್ಪನ ಎರಡು ಕಂತೆಗಳಲ್ಲೊಂದು, ಅಮ್ಮನ ಎರಡರಲ್ಲೊಂದು ಮಗುವಿಗೆ ಬರುತ್ತದೆ. ಹಾಗಾಗಿ ಒಡಹುಟ್ಟಿದ ಒಬ್ಬರದು ಪೂರ್ತಿ ಹೊಂದುವ ಸಂಭವ 4ರಲ್ಲಿ 1. ಹೆತ್ತ ತಾಯಿಯದೂ ಸಾಮಾನ್ಯವಾಗಿ ಅರ್ಧವೇ. ಅರ್ಧ ಹೊಂದಿದವರಿಂದಲೂ ಈಗ ಚಿಕಿತ್ಸೆಯುಂಟು. ಆದರೆ ಪೂರ್ತಿ ಹೊಂದುವ ತಂಗಿ ಮನೆಯಲ್ಲೇ ಇರುವಾಗ ವೈದ್ಯರು ಸಾಮಾನ್ಯವಾಗಿ ಮೊದಲು ನೋಡುವುದು ಅವಳತ್ತಲೇ.

ಹುಡುಗಿ ಕಳೆದುಕೊಳ್ಳುವುದೇನು? 4-5 ದಿನ ಇಂಜೆಕ್ಷನ್, ಒಂದಿಷ್ಟು ಮೈಕೈ ನೋವು. ಆಮೇಲೆ ತೋಳಿನ ರಕ್ತದಿಂದ ಕೋಶ ಬೇರ್ಪಡಿಸಲು ಕೆಲವು ಗಂಟೆ. ಕೆಲವೇ ವಾರಗಳಲ್ಲಿ ದೇಹ ಅದನ್ನು ತುಂಬಿಕೊಳ್ಳುತ್ತದೆ. ಬೆನ್ನುಹುರಿ ಮುಟ್ಟುವುದಿಲ್ಲ. ಗರ್ಭಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ‘ಆಮೇಲೆ’ ಎಂಬ ಜಾಣತನ. ಬಸಿರಿನಲ್ಲಿ ಹೆಣ್ಣಿನ ದೇಹ, ಮಗುವಿಗೆ ತಂದೆಯಿಂದ ಬಂದ ಗುರುತುಗಳನ್ನು ಪರಕೀಯವೆಂದು ಕಂಡು ಎದುರಿಸಲು ಕಲಿಯಬಹುದು. ಹೀಗಾಗಿ ಹೆತ್ತವಳ ಕೋಶಗಳು ಗಂಡು ರೋಗಿಯ ಮೈಮೇಲೇ ತಿರುಗಿಬೀಳುವ ಅಪಾಯ ತುಸು ಹೆಚ್ಚು. ಅಂದಮೇಲೆ ಕಾದು ಗಳಿಸುವುದೇನು? ರೋಗವೇನು ಮುಹೂರ್ತ ನೋಡುತ್ತದೆಯೆ?

ತಮ್ಮನೊಬ್ಬನಿದ್ದು ಅವನದು ಹೊಂದಿದ್ದರೆ ಮದುವೆಯ ಮಾತು ಬರುತ್ತಿತ್ತೆ? ಗಂಡಿನ ಕಡೆಯವರು ಬಾಯಿ ತೆರೆಯುವ ಮೊದಲೇ ಮಗಳಿಗೆ ಐಬು ಹಚ್ಚುವವರು ನಾವು, ಹೆಂಗಸರೇ. ಕೊಡೆಂದು ಅವಳನ್ನು ಬಲವಂತ ಮಾಡುವುದೂ ತಪ್ಪು. ಕೊಡಬೇಡವೆಂದು ಅವಳ ಪರವಾಗಿ ನಾವು ತೀರ್ಮಾನಿಸುವುದೂ ಅಷ್ಟೇ ತಪ್ಪು.

‘ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ, ದೊಡ್ಡಮ್ಮಾ’ ಎಂದ ಆ ಹುಡುಗಿ ತಾನೇ ಹೋಗಿ ಸಹಿ ಹಾಕಿದಳು. ಕೊಟ್ಟವರ ರಕ್ತದ ಗುಂಪೇ ಪಡೆದವರಿಗೂ ಬರುತ್ತದಂತೆ. ಅಣ್ಣನದೀಗ ತಂಗಿಯ ಗುಂಪು. ಅವಳನ್ನು ನೋಡಲು ಬಂದವರಿಗೆ ಇದನ್ನು ಮುಚ್ಚಿಡಬೇಡಿ, ಮೊದಲೇ ಹೇಳಿ ಎಂದಿದ್ದೇನೆ. ಕೇಳಿ ಎದ್ದುಹೋಗುವ ಸಂಬಂಧ ಎದ್ದುಹೋಗಲಿ.